ಕೋರ್ಸಿಗೆ ಹಣ ಕಟ್ಟುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲಿನ ಎರಡು ಮೂರು ತಿಂಗಳ ನಡಾವಳಿ ಪುಸ್ತಕವನ್ನು ನೀವೇ ತೆರೆದು ನೋಡಿ. ಸಾಲದ ಉದ್ದೇಶ ಎಂದು ಬರೆದ ಕಡೆ 'ಮಗಳ ಕೋರ್ಸಿಗೆ', 'ಮಗನ ಕಾಲೇಜಿಗೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದು ನಮಗೆ ಬಹಳ ಸಂತೋಷದ ವಿಷಯ. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಉಳಿಸಿದ ಹೆಂಗಸರು ಇವತ್ತು ಮಕ್ಕಳನ್ನು ನರ್ಸಿಂಗ್, ಐ.ಟಿ.ಐ., ಲ್ಯಾಬ್ ಟೆಕ್ನಿಷಿಯನ್ ಓದಿಸುವ ಮಟ್ಟಕ್ಕೆ ಬಂದಿದ್ದೀರಿ.

ಆದರೆ ಒಂದು ಮಾತು ಕೇಳ್ತೇವೆ. ಒಬ್ಬ ಸದಸ್ಯೆ ಹಸು ಕೊಳ್ಳಲು ಸಾಲ ಕೇಳಿದರೆ ಸಂಘದಲ್ಲಿ ಎಷ್ಟು ಪ್ರಶ್ನೆ ಬರುತ್ತವೆ? ಎಷ್ಟನೇ ಸೂಲು, ಎಷ್ಟು ಲೀಟರ್ ಹಾಲು, ಕೆಚ್ಚಲು ಸರಿ ಇದೆಯಾ, ವಿಮೆ ಮಾಡಿಸ್ತೀಯಾ, ಎಲ್ಲಾ ಕೇಳುತ್ತೀರಿ. ಇಬ್ಬರು ಹೋಗಿ ಹಸು ನೋಡಿಕೊಂಡೂ ಬರುತ್ತೀರಿ. ಅದೇ ಐವತ್ತು ಸಾವಿರ ರೂಪಾಯಿ ಕೋರ್ಸಿಗೆ ಅಂದರೆ ಯಾರೂ ಏನೂ ಕೇಳುವುದಿಲ್ಲ. 'ಮಕ್ಕಳ ಓದು, ಪಾಪ, ಕೊಡೋಣ' ಅಂತ ಕೊಟ್ಟುಬಿಡುತ್ತೀರಿ. ಹಸುವಿಗೆ ಕೇಳಿದಷ್ಟೇ ಪ್ರಶ್ನೆಗಳನ್ನು ಕೋರ್ಸಿಗೂ ಕೇಳಬೇಕು ಎನ್ನುವುದೇ ಇವತ್ತಿನ ನಮ್ಮ ಮಾತಿನ ಸಾರ.

ಖಾಸಗಿ ಸಂಸ್ಥೆಗಳು ಬೇಡವೇ?

ಖಾಸಗಿ ಕಾಲೇಜುಗಳೆಲ್ಲ ಮೋಸ ಎಂದು ನಾವು ಹೇಳುತ್ತಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಸೀಟು ಕಡಿಮೆ, ಓದಬೇಕೆನ್ನುವ ಮಕ್ಕಳು ಹೆಚ್ಚು. ನಮ್ಮ ರಾಜ್ಯದಲ್ಲಿ ಸಾವಿರಾರು ನರ್ಸ್‌ಗಳು, ಎಂಜಿನಿಯರ್‌ಗಳು ಖಾಸಗಿ ಕಾಲೇಜಿನಲ್ಲೇ ಓದಿ ಇವತ್ತು ಮನೆ ನಡೆಸುತ್ತಿದ್ದಾರೆ. ಒಳ್ಳೆಯ ಸಂಸ್ಥೆಗೆ ಪ್ರಶ್ನೆ ಕೇಳಿದರೆ ಬೇಜಾರಾಗುವುದಿಲ್ಲ, ಕಾಗದ ತೆಗೆದು ತೋರಿಸುತ್ತದೆ. ಪ್ರಶ್ನೆ ಕೇಳಿದ ಕೂಡಲೇ ಸಿಡುಕುವ ಸಂಸ್ಥೆಯ ಬಗ್ಗೆಯೇ ಎಚ್ಚರ ಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಮಾನ್ಯತೆ ಪಡೆದ ಕಾಲೇಜುಗಳನ್ನು ಸಾಮಾನ್ಯವಾಗಿ ಟ್ರಸ್ಟ್ ಅಥವಾ ಸೊಸೈಟಿಗಳು ನಡೆಸುತ್ತವೆ. ಶಿಕ್ಷಣವನ್ನು ಲಾಭದ ವ್ಯಾಪಾರ ಮಾಡಬಾರದು ಎಂಬುದು ನಿಯಮ. ಡೊನೇಶನ್ ಹಾವಳಿ ತಡೆಯಲು ನಮ್ಮ ಕರ್ನಾಟಕದಲ್ಲಿ 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಬಂತು. ಆಮೇಲೂ ಹೆಚ್ಚು ಹಣ ಕೇಳುವುದು ನಿಲ್ಲಲಿಲ್ಲ. ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದರೆ, ಅದೇ ಕಾಲೇಜಿನಲ್ಲಿ ಹೊರ ರಾಜ್ಯದವರಿಗೆ 60,000 ರೂಪಾಯಿ ಇತ್ತು. ಅಷ್ಟು ಕೊಡಲಾಗದ ಉತ್ತರ ಪ್ರದೇಶದ ಒಬ್ಬ ಹುಡುಗಿ ಮೋಹಿನಿ ಜೈನ್ ಕೋರ್ಟಿಗೆ ಹೋದಳು. 1992ರಲ್ಲಿ ಕೋರ್ಟ್ ಕ್ಯಾಪಿಟೇಶನ್ ಶುಲ್ಕ ತಪ್ಪು ಎಂದು ಹೇಳಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ ಟಿ.ಎಂ.ಎ. ಪೈ ಪ್ರಕರಣದಲ್ಲಿ, ಸಂಸ್ಥೆ ಬೆಳೆಸಲು ಬೇಕಾದಷ್ಟು ಉಳಿಕೆ ಇಟ್ಟುಕೊಳ್ಳಬಹುದು, ಆದರೆ ಲಾಭಕೋರತನ ಮಾಡಬಾರದು, ಕ್ಯಾಪಿಟೇಶನ್ ತೆಗೆದುಕೊಳ್ಳಬಾರದು ಎಂದಿತು.

ಇದು ಕಾಲೇಜುಗಳ ಮಾತಾಯಿತು. ನಮ್ಮ ತಾಲ್ಲೂಕು ಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರ, ಅಂಗಡಿ ಮೇಲಿನ ಎರಡು ಕೋಣೆಯಲ್ಲಿ ನಡೆಯುವ ಕಂಪ್ಯೂಟರ್, ಸ್ಪೋಕನ್ ಇಂಗ್ಲಿಷ್, ಬ್ಯೂಟಿಷಿಯನ್, 'ಆಸ್ಪತ್ರೆ ಸಹಾಯಕಿ' ತರಬೇತಿಗಳ ಕಥೆ ಬೇರೆ. ಇವುಗಳಲ್ಲಿ ಹೆಚ್ಚಿನವು ನೇರವಾಗಿ ಲಾಭಕ್ಕಾಗಿಯೇ ನಡೆಯುವ ವ್ಯಾಪಾರಗಳು. ಲಾಭ ಮಾಡುವುದು ಅಪರಾಧವಲ್ಲ. ಆದರೆ ಕಾಲೇಜಿಗೆ ವಿಶ್ವವಿದ್ಯಾಲಯವೋ ಮಂಡಳಿಯೋ ಬಂದು ತಪಾಸಣೆ ಮಾಡುವ ಹಾಗೆ ಇವುಗಳನ್ನು ನೋಡುವವರು ಕಡಿಮೆ. ಅಲ್ಲಿ ನೋಡಬೇಕಾದವರು ನಾವೇ.

ನೋಂದಣಿ ಬೇರೆ, ಮಾನ್ಯತೆ ಬೇರೆ

ನಮ್ಮ ಕೆಲಸದಲ್ಲಿ ಕಂಡ ಒಂದು ಉದಾಹರಣೆ ಹೇಳ್ತೇವೆ. ಹೆಸರು ಬೇಡ. ಒಬ್ಬ ಸದಸ್ಯೆಯ ಮಗಳು ಪಿಯುಸಿ ಮುಗಿಸಿದ್ದಳು. ಪೇಟೆಯ ಒಂದು ಸಂಸ್ಥೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್, ಒಂದೇ ವರ್ಷ, ಕೆಲಸ ಗ್ಯಾರಂಟಿ ಎಂದರು. ಬೋರ್ಡಿನ ಮೇಲೆ 'ಸರ್ಕಾರದಿಂದ ನೋಂದಾಯಿತ' ಎಂದು ದೊಡ್ಡದಾಗಿ ಬರೆದು ನಂಬರ್ ಹಾಕಿದ್ದರು. ತಾಯಿ ಸಂಘದಿಂದ ಇಪ್ಪತ್ತು ಸಾವಿರ ತೆಗೆದಳು, ಉಳಿದದ್ದಕ್ಕೆ ಕಿವಿಯ ಓಲೆ ಅಡವಿಟ್ಟಳು. ಕೋರ್ಸ್ ಮುಗಿಸಿ ಹುಡುಗಿ ಆಸ್ಪತ್ರೆಗೆ ಹೋದರೆ, 'ಪ್ಯಾರಾಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ಎಲ್ಲಮ್ಮ?' ಎಂದು ಕೇಳಿದರು. ಅವಳ ಹತ್ತಿರ ಇದ್ದದ್ದು ಆ ಸಂಸ್ಥೆಯೇ ಅಚ್ಚು ಹಾಕಿಸಿದ ಬಣ್ಣದ ಕಾಗದ. ಬೋರ್ಡಿನ ಮೇಲಿದ್ದ ನಂಬರ್ ಟ್ರಸ್ಟಿನ ನೋಂದಣಿ ನಂಬರ್ ಆಗಿತ್ತು!

ಅಕ್ಕಂದಿರೇ, ಇದನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಟ್ರಸ್ಟ್ ನೋಂದಣಿ, ಸೊಸೈಟಿ ನೋಂದಣಿ, ಅಂಗಡಿ ಲೈಸೆನ್ಸ್, ಸಣ್ಣ ಉದ್ದಿಮೆಯ 'ಉದ್ಯಮ್' ನೋಂದಣಿ, ಐ.ಎಸ್.ಒ. ಸರ್ಟಿಫಿಕೇಟ್, ಇವು ಯಾವುವೂ ಕೋರ್ಸಿನ ಮಾನ್ಯತೆ ಅಲ್ಲ. ನಮ್ಮ ಒಕ್ಕೂಟವೂ ನೋಂದಣಿ ಆಗಿರಬಹುದು. ಅಷ್ಟಕ್ಕೇ ನಾವು ನರ್ಸ್ ಡಿಪ್ಲೊಮಾ ಕೊಡಲಿಕ್ಕೆ ಆಗುತ್ತದೆಯೇ? ಇಲ್ಲ ತಾನೇ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

1. ಪರೀಕ್ಷೆ ನಡೆಸುವವರು ಯಾರು? ಸರ್ಟಿಫಿಕೇಟಿಗೆ ಸಹಿ ಯಾರದು?

ಬಿ.ಎಸ್ಸಿ. ನರ್ಸಿಂಗ್ ಆದರೆ ನಮ್ಮ ರಾಜ್ಯದ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಜಿ.ಎನ್.ಎಂ. ಆದರೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ನರ್ಸ್ ಆಗಿ ಕೆಲಸ ಮಾಡಲು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗಬೇಕು. ಲ್ಯಾಬ್, ಎಕ್ಸ್‌ರೇ ಮುಂತಾದ ಡಿಪ್ಲೊಮಾ ಆದರೆ ರಾಜ್ಯ ಪ್ಯಾರಾಮೆಡಿಕಲ್ ಬೋರ್ಡ್. ಪಾಲಿಟೆಕ್ನಿಕ್ ಆದರೆ ತಾಂತ್ರಿಕ ಶಿಕ್ಷಣ ಇಲಾಖೆ ಮತ್ತು ಎ.ಐ.ಸಿ.ಟಿ.ಇ. ಐ.ಟಿ.ಐ. ಆದರೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ಅವಧಿಯನ್ನೂ ನೋಡಿ. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. 'ಆರು ತಿಂಗಳಲ್ಲಿ ನರ್ಸ್ ಮಾಡ್ತೀವಿ' ಅಂದರೆ ಅಲ್ಲಿಂದ ಎದ್ದು ಬನ್ನಿ.

ಪದವಿ ಕೊಡುತ್ತೇವೆ ಎಂದು ವಿಶ್ವವಿದ್ಯಾಲಯದ ಹೆಸರು ಹೇಳಿದರೆ, ಯು.ಜಿ.ಸಿ. ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಮಕ್ಕಳ ಕೈಲಿ ಮೊಬೈಲಿನಲ್ಲಿ ತೆಗೆಸಿ ನೋಡಿ.

2. ಆ ಕಾಲೇಜಿಗೆ ಈ ವರ್ಷ ಮಾನ್ಯತೆ ಇದೆಯೇ? ಯಾವ ಕೋರ್ಸಿಗೆ? ಎಷ್ಟು ಸೀಟಿಗೆ?

ಒಂದು ಕೋರ್ಸಿಗೆ ಅನುಮತಿ ಪಡೆದು ನಾಲ್ಕು ಕೋರ್ಸ್ ನಡೆಸುವವರು ಇರುತ್ತಾರೆ. ಹಿಂದೆ ಇದ್ದ ಮಾನ್ಯತೆ ಈಗ ಇಲ್ಲದಿರಬಹುದು. ಕಾಲೇಜಿನವರ ಮಾತು ಸಾಕಾಗುವುದಿಲ್ಲ. ಮಂಡಳಿ ಅಥವಾ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರು ಇರಬೇಕು. ಅನುಮಾನ ಇದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಆ ಮಂಡಳಿಗೇ ಒಂದು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಬಿ.ಪಿ.ಎಲ್. ಕುಟುಂಬಕ್ಕೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಫಲಿತಾಂಶ ಬರುವ ಮುಂಚೆಯೇ ಒಕ್ಕೂಟದಿಂದ ಒಬ್ಬರು ಹಾಕಿದರೆ ಎಲ್ಲರಿಗೂ ಉಪಯೋಗ.

3. ಒಟ್ಟು ಖರ್ಚು ಎಷ್ಟು? ಎಲ್ಲವೂ ಬರವಣಿಗೆಯಲ್ಲಿ ಇದೆಯೇ?

ಮೊದಲ ವರ್ಷದ ಫೀಸು ಮಾತ್ರ ಹೇಳಿ ಸೇರಿಸಿಕೊಳ್ಳುತ್ತಾರೆ. ಆಮೇಲೆ ಹಾಸ್ಟೆಲ್, ಸಮವಸ್ತ್ರ, ಬಸ್ಸು, ಪರೀಕ್ಷಾ ಶುಲ್ಕ, ರೆಕಾರ್ಡ್ ಪುಸ್ತಕ ಎಂದು ಒಂದೊಂದೇ ಹೊರಗೆ ಬರುತ್ತದೆ. ಮಧ್ಯದಲ್ಲಿ ಬಿಡಲಿಕ್ಕೂ ಆಗುವುದಿಲ್ಲ, ಮುಂದುವರಿಸಲಿಕ್ಕೂ ಆಗುವುದಿಲ್ಲ. ಕೊನೆಯ ವರ್ಷದವರೆಗಿನ ಲೆಕ್ಕವನ್ನು ಒಂದೇ ಕಾಗದದಲ್ಲಿ ಕೇಳಿ. ಕೊಟ್ಟ ಪ್ರತಿ ರೂಪಾಯಿಗೂ ಸಂಸ್ಥೆಯ ಹೆಸರಿನ ರಸೀದಿ ಬೇಕು. ಮನೆಗೆ ಬರುವ ಏಜೆಂಟರ ಕೈಗೆ ಹಣ ಕೊಡಬೇಡಿ. ಮಗು ತರುವ ಪ್ರತಿ ಅಡ್ಮಿಷನ್ನಿಗೂ ಅವರಿಗೆ ಕಮಿಷನ್ ಇರುತ್ತದೆ ಎನ್ನುವುದು ನೆನಪಿರಲಿ.

4. ಬಿಟ್ಟರೆ ಹಣ, ಮಾರ್ಕ್ಸ್ ಕಾರ್ಡ್ ವಾಪಸ್ ಬರುತ್ತದೆಯೇ?

ಯು.ಜಿ.ಸಿ. 2018ರಲ್ಲಿ ಹೊರಡಿಸಿದ ನಿಯಮ ಹೀಗಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಅದರಲ್ಲಿ ಕಚೇರಿ ಖರ್ಚಿಗೆಂದು ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಇದ್ದಾಗ ಬಿಟ್ಟರೆ ಶೇಕಡಾ 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇಕಡಾ 80, 30 ದಿನದೊಳಗೆ ಶೇಕಡಾ 50. ಆಮೇಲೆ ಏನೂ ಇಲ್ಲ. ಮೂಲ ಮಾರ್ಕ್ಸ್ ಕಾರ್ಡ್, ಟಿ.ಸಿ. ಇಟ್ಟುಕೊಂಡು 'ಪೂರ್ತಿ ಫೀಸು ಕಟ್ಟಿದರೆ ಕೊಡ್ತೀವಿ' ಎನ್ನುವುದನ್ನೂ ಈ ನಿಯಮ ನಿಷೇಧಿಸಿದೆ. ಇದು ವಿಶ್ವವಿದ್ಯಾಲಯ ಮತ್ತು ಅದಕ್ಕೆ ಸೇರಿದ ಕಾಲೇಜುಗಳ ಮಾತು. ಅಂಗಡಿ ಮೇಲಿನ ತರಬೇತಿ ಸಂಸ್ಥೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಹಣ ವಾಪಸಿನ ಷರತ್ತನ್ನು ಮೊದಲೇ ಬರೆಸಿಕೊಳ್ಳಬೇಕು.

ಮಾನ್ಯತೆಯೇ ಬೇಕಿಲ್ಲದ ತರಬೇತಿಗಳು

ಟೈಲರಿಂಗ್, ಬ್ಯೂಟಿಷಿಯನ್, ಕಂಪ್ಯೂಟರ್ ಕಲಿಕೆಗೆ ದೊಡ್ಡ ಮಾನ್ಯತೆ ಬೇಕಿಲ್ಲ. ಅಲ್ಲಿ ಕಾಗದಕ್ಕಿಂತ ಕೈಕೆಲಸ ಮುಖ್ಯ. ಹೋಗಿ ತರಗತಿಯಲ್ಲಿ ಕುಳಿತು ನೋಡಿ. ಎಷ್ಟು ಯಂತ್ರ, ಎಷ್ಟು ಮಕ್ಕಳು? ಕಳೆದ ವರ್ಷ ಕಲಿತ ಇಬ್ಬರು ಹುಡುಗಿಯರನ್ನು ಹುಡುಕಿ ಮಾತನಾಡಿಸಿ. ಪೂರ್ತಿ ಹಣ ಒಮ್ಮೆಲೇ ಕಟ್ಟದೆ ತಿಂಗಳು ತಿಂಗಳು ಕಟ್ಟಿ.

ಹಣವೇ ಕೊಡದೆ ಕಲಿಯುವ ದಾರಿಯೂ ಇದೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅದೇ ಮಾದರಿಯಲ್ಲಿ ಈಗ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಸಾಲ ಮಾಡುವ ಮುಂಚೆ ಅಲ್ಲಿ ವಿಚಾರಿಸಿ.

ಸಾಲದ ವಿಷಯ

ಮಾನ್ಯತೆ ಇರುವ ಕೋರ್ಸಾದರೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿ. ನಾಲ್ಕು ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಕಂತು ಶುರುವಾಗುತ್ತದೆ. ಬ್ಯಾಂಕಿನವರು ಕಾಲೇಜಿನ ಮಾನ್ಯತೆ ನೋಡಿಯೇ ಸಾಲ ಕೊಡುತ್ತಾರೆ. ಹಾಗಾಗಿ 'ಆ ಕಾಲೇಜಿಗೆ ಕೊಡಲ್ಲ' ಎಂದು ಬ್ಯಾಂಕ್ ಹೇಳಿದರೆ ಸಿಟ್ಟಾಗುವ ಮೊದಲು ಕಾರಣ ಕೇಳಿ.

ಈಗ ಕೆಲವು ತರಬೇತಿ ಸಂಸ್ಥೆಗಳು 'ಬ್ಯಾಂಕಿಗೆ ಹೋಗೋದೇ ಬೇಡ, ನಾವೇ ಇ.ಎಂ.ಐ. ಮಾಡಿಸ್ತೀವಿ' ಎನ್ನುತ್ತವೆ. ಆ ಸಾಲ ಇರುವುದು ಬೇರೊಂದು ಫೈನಾನ್ಸ್ ಕಂಪನಿಯ ಹತ್ತಿರ. ಸಹಿ ನಿಮ್ಮದು. ನಾಳೆ ಸಂಸ್ಥೆ ಬಾಗಿಲು ಹಾಕಿಕೊಂಡು ಹೋದರೂ ಕಂತು ಕೇಳಲು ಕಂಪನಿಯವರು ಬರುತ್ತಾರೆ. ಓದಿ ನೋಡದೆ, ಮೊಬೈಲಿನಲ್ಲಿ ಬಂದ ಒ.ಟಿ.ಪಿ. ಕೊಡಬೇಡಿ.

ಮೋಸ ಆದ ಮೇಲೆ ಏನು ಮಾಡುವುದು?

ಸುಮ್ಮನೆ ಕೂರಬಾರದು. ಬಿಹಾರದ ಒಂದು ದಂತ ವೈದ್ಯಕೀಯ ಕಾಲೇಜು ವಿಶ್ವವಿದ್ಯಾಲಯದ ಸಂಯೋಜನೆ, ದಂತ ಮಂಡಳಿಯ ಮಾನ್ಯತೆ ಎರಡೂ ಇದೆ ಎಂದು ಜಾಹೀರಾತು ಕೊಟ್ಟು ಮಕ್ಕಳನ್ನು ಸೇರಿಸಿಕೊಂಡಿತ್ತು. ಎರಡೂ ಇರಲಿಲ್ಲ. ವಿದ್ಯಾರ್ಥಿಗಳು ಗ್ರಾಹಕ ಆಯೋಗಕ್ಕೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಅವರ ಕೈ ಹಿಡಿದದ್ದು ಆ ಜಾಹೀರಾತಿನ ಕಾಗದ. ಆದ್ದರಿಂದ ಕರಪತ್ರ, ಪ್ರಾಸ್ಪೆಕ್ಟಸ್, ರಸೀದಿ, ವಾಟ್ಸಾಪ್ ಮೆಸೇಜ್ ಯಾವುದನ್ನೂ ಬಿಸಾಡಬೇಡಿ.

ಮಾನ್ಯತೆ ಪಡೆದ ಕಾಲೇಜಿನ ದೂರು ಗ್ರಾಹಕ ಆಯೋಗದಲ್ಲಿ ಯಾವಾಗಲೂ ನಿಲ್ಲುವುದಿಲ್ಲ. ಅದನ್ನು ಮೊದಲು ಆಯಾ ವಿಶ್ವವಿದ್ಯಾಲಯಕ್ಕೆ ಅಥವಾ ಮಂಡಳಿಗೆ ಬರೆದು ಕೊಡಬೇಕು. ಕೋಚಿಂಗ್ ಸಂಸ್ಥೆಗಳು ಗ್ರಾಹಕ ಕಾಯ್ದೆಯೊಳಗೆ ಬರುತ್ತವೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ. ಕೆಲಸ ಗ್ಯಾರಂಟಿ ಎಂಬಂಥ ಸುಳ್ಳು ಜಾಹೀರಾತಿನ ವಿರುದ್ಧ 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಸಲಹೆಗೆ 1915 ನಂಬರಿಗೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಆದರೆ ಒಂದು ಮಾತು ನಿಜ. ಕೋರ್ಟ್ ಹಣ ಕೊಡಿಸಬಹುದು, ಹುಡುಗಿಯ ಕಳೆದುಹೋದ ಎರಡು ವರ್ಷ ಕೊಡಿಸುವುದಿಲ್ಲ. ಓದು ವ್ಯರ್ಥವಾಯಿತು ಎಂದ ಕೂಡಲೇ ಮನೆಯವರು 'ಇನ್ನು ಸಾಕು, ಮದುವೆ ಮಾಡೋಣ' ಎನ್ನುವುದನ್ನು ನಾವು ಕಂಡಿದ್ದೇವೆ. ಮಗನಿಗಾದರೆ ಇನ್ನೊಂದು ಅವಕಾಶ ಸಿಗುತ್ತದೆ, ಮಗಳಿಗೆ ಸಿಗುವುದು ಕಷ್ಟ. ಅದಕ್ಕೇ ಈ ಎಚ್ಚರ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಬೇಕು.

ಸಂಘದಲ್ಲಿ ಮಾಡಬೇಕಾದ ಠರಾವು

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಒಂದು ಠರಾವು ಬರೆಯಲಿ ಎಂದು ಕೇಳಿಕೊಳ್ಳುತ್ತೇವೆ.

- ಕೋರ್ಸಿಗೆ ಸಾಲ ಕೊಡುವ ಮುನ್ನ ನಾಲ್ಕು ಪ್ರಶ್ನೆಗೆ ಉತ್ತರ ಬರೆದ ಕಾಗದ ಬೇಕು.
- ಇಬ್ಬರು ಸದಸ್ಯೆಯರು ತಾಯಿ, ಮಗಳ ಜೊತೆ ಹೋಗಿ ಸಂಸ್ಥೆ ನೋಡಿ ಬರಬೇಕು.
- ಸಾಲದ ಹಣ ಏಜೆಂಟರಿಗೆ ಹೋಗದೆ ಸಂಸ್ಥೆಯ ಖಾತೆಗೇ ಹೋಗಬೇಕು, ರಸೀದಿಯ ಜೆರಾಕ್ಸ್ ಸಂಘದ ಕಡತದಲ್ಲಿ ಇರಬೇಕು.

'ಸಿಸ್ಟರ್, ನಾವು ಓದಿದವರಲ್ಲ, ಕಾಲೇಜಿನವರ ಮುಂದೆ ಏನು ಕೇಳೋದು?' ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಬ್ಯಾಂಕ್ ಮ್ಯಾನೇಜರ್ ಮುಂದೆ ನಿಂತು ಲೆಕ್ಕ ಕೇಳಿದವರು ನೀವೇ. ಪಂಚಾಯತಿಯಲ್ಲಿ ನೀರಿನ ಬಗ್ಗೆ ಗಟ್ಟಿಯಾಗಿ ಮಾತನಾಡಿದವರೂ ನೀವೇ. ಕಾಲೇಜಿನ ಕಚೇರಿಯೂ ಅಂಥದೇ ಒಂದು ಕಚೇರಿ. ಒಬ್ಬರೇ ಹೋಗಬೇಡಿ, ಜೊತೆಯಾಗಿ ಹೋಗಿ, ಕುರ್ಚಿಯಲ್ಲಿ ಕುಳಿತು ಕೇಳಿ. ಉತ್ತರ ಸರಿಯಾಗಿ ಬಂದರೆ ಸಂತೋಷದಿಂದ ಸಾಲ ಕೊಡಿ, ಮಗಳನ್ನು ಹರಸಿ ಕಳುಹಿಸಿ.