ಇನ್ನೂ ಎರಡು ಕೇಬಲ್ ಇದೆಯಲ್ಲ!

ಕರೆಂಟ್ ಹೋದ ತಕ್ಷಣ ನಾವು ಏನ್ ಮಾಡ್ತೀವಿ? ಪಕ್ಕದ ಮನೇಲೂ ಹೋಗಿದ್ಯಾ ಅಂತ ಇಣುಕಿ ನೋಡ್ತೀವಿ. ಹೋಗಿದ್ರೆ ಏನೋ ಒಂದು ಸಮಾಧಾನ! ಆದರೆ ಇಡೀ ಸಿಟಿ ಸೆಂಟರ್‌ಗೇ ಕರೆಂಟ್ ಹೋಗಿ, ಐದು ವಾರ ಸರಿಹೋಗಲೇ ಇಲ್ಲ ಅಂದ್ರೆ?

1998, ನ್ಯೂಜಿಲೆಂಡ್‌ನ ಆಕ್ಲೆಂಡ್. ನಗರದ ನಡುಭಾಗಕ್ಕೆ 110 ಕಿಲೋವೋಲ್ಟ್‌ನ ನಾಲ್ಕು ಭೂಗತ ಕೇಬಲ್‌ಗಳೇ ಆಧಾರ. ಜನವರಿ 22ಕ್ಕೆ ಒಂದು ಕೈಕೊಟ್ಟಿತು. ಫೆಬ್ರವರಿ 9ಕ್ಕೆ ಇನ್ನೊಂದು. ಇನ್ನೂ ಎರಡು ಇದೆಯಲ್ಲ ಅನ್ನೋ ಧೈರ್ಯ ಬಹಳ ದಿನ ಉಳಿಯಲಿಲ್ಲ. 19 ಮತ್ತು 20ಕ್ಕೆ ಅವೂ ಹೋದವು. ಕೊನೆಗೆ ರೈಲು ಹಳಿ ಪಕ್ಕದಲ್ಲಿ ತಾತ್ಕಾಲಿಕ ಲೈನ್ ಎಳೆದು ಊರನ್ನು ಬೆಳಗಿಸಬೇಕಾಯಿತು.

ಎಂಜಿನಿಯರಿಂಗ್ ಓದಿದ ಚಾಳಿ, ಸ್ವಲ್ಪ ಒಳಗೆ ಹೋಗ್ತೀನಿ, ಚಾನೆಲ್ ಬದಲಾಯಿಸಬೇಡಿ. ಈಗಿನ ಹೈ ವೋಲ್ಟೇಜ್ ಕೇಬಲ್‌ಗಳ ಇನ್ಸುಲೇಷನ್ ಹೆಚ್ಚಾಗಿ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್. ಜಾಯಿಂಟ್ ಹಾಕುವಾಗ ಚೂರು ಗಾಳಿ ಉಳಿದರೂ ಸಾಕು, ಆ ಪುಟ್ಟ ಗುಳ್ಳೆಯೊಳಗೆ ಸಣ್ಣ ಸಣ್ಣ ಕಿಡಿ ಶುರುವಾಗುತ್ತೆ. ಇದೇ ಪಾರ್ಶಿಯಲ್ ಡಿಸ್ಚಾರ್ಜ್. ಗೆದ್ದಲು ಬಾಗಿಲಿನ ಚೌಕಟ್ಟು ತಿಂದ ಹಾಗೆ, ಹೊರಗೆ ಎಲ್ಲಾ ಸರಿ, ಒಳಗೆ ಟೊಳ್ಳು. ಆದರೆ ಪ್ರತಿ ಕಿಡಿಯೂ ಒಂದು ಸೂಕ್ಷ್ಮ ಸಿಗ್ನಲ್ ಬಿಡುತ್ತೆ. ಕೇಬಲ್‌ನ ಅರ್ಥ್ ವೈರ್‌ಗೆ ಸೆನ್ಸರ್ ಕ್ಲಾಂಪ್ ಮಾಡಿದ್ರೆ, ಕರೆಂಟ್ ಕಟ್ ಮಾಡದೇ ಅದನ್ನ ಹಿಡೀಬಹುದು.

ಹಿಡಿಯದೇ ಕೇಬಲ್ ಸುಟ್ಟುಹೋಯ್ತು ಅಂತಿಟ್ಟುಕೊಳ್ಳಿ. ಆಗ ಒಂದು ತುದಿಯಿಂದ ಪಲ್ಸ್ ಬಿಡ್ತಾರೆ, ಪ್ರತಿಧ್ವನಿ ವಾಪಸ್ ಬರೋ ಸಮಯ ಅಳೀತಾರೆ. ಪಲ್ಸ್ ಓಡೋದು ಮೈಕ್ರೋಸೆಕೆಂಡಿಗೆ ಸುಮಾರು 160 ಮೀಟರ್. 10 ಮೈಕ್ರೋಸೆಕೆಂಡಿಗೆ ವಾಪಸ್ ಬಂತಾ? ಹೋಗಿ ಬರೋ ದಾರಿ 1600, ಅಂದರೆ ಫಾಲ್ಟ್ ಇರೋದು 800 ಮೀಟರ್ ದೂರದಲ್ಲಿ. ಎಲ್ಲಾ ಫಾಲ್ಟೂ ಹೀಗೆ ಸಿಗಲ್ಲ. ಆಗ ಹೈ ವೋಲ್ಟೇಜ್ ಸರ್ಜ್ ಕೊಡ್ತಾರೆ. ನೆಲದಡಿ 'ಧಬ್' ಅಂತ ಸದ್ದು, ಮೇಲೆ ಒಬ್ಬ ಹೆಡ್‌ಫೋನ್ ಹಾಕ್ಕೊಂಡು ರಸ್ತೆಯುದ್ದಕ್ಕೂ ಕಿವಿಗೊಟ್ಟು ನಡೀತಾನೆ. ಇಲ್ಲೊಂದು ವಿಪರ್ಯಾಸ ನೋಡಿ: ಆ ಏಟನ್ನೇ ಮತ್ತೆ ಮತ್ತೆ ಕೊಟ್ಟರೆ, ಹಳೇ ಕೇಬಲ್ ಚೆನ್ನಾಗಿದ್ದ ಜಾಗದಲ್ಲೂ ಪೆಟ್ಟು ತಿನ್ನಬಹುದು.

ಬೆಂಗಳೂರಿನಲ್ಲೂ ಲೈನ್‌ಗಳು ನೆಲದಡಿ ಹೋಗ್ತಿವೆ. ಕಂಬ ಕಾಣಲ್ಲ, ಖುಷಿ. ಆದರೆ ಹೂತಿಟ್ಟ ಮೇಲೆ ಜಾಯಿಂಟ್ ಎಲ್ಲೆಲ್ಲಿದೆ ಅನ್ನೋ ನಕ್ಷೆ ಯಾರ ಹತ್ತಿರ ಇದೆ? ಕೊನೇ ಸಲ ಟೆಸ್ಟ್ ಮಾಡಿದ್ದು ಯಾವಾಗ? ನಿಮ್ಮ ಏರಿಯಾದಲ್ಲಿ ಹೊಸ ಕೇಬಲ್ ಹಾಕೋಕೆ ರಸ್ತೆ ಅಗೆಯುವಾಗ, ಅಲ್ಲಿ ನಿಂತಿರೋ ಎಂಜಿನಿಯರ್ ಅವರನ್ನೇ ಒಮ್ಮೆ ಕೇಳಿ.