ಕಷ್ಟದ ಹೊತ್ತಿಗೆ ಒದಗಿದ ಹಾಡು



2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಅಮೆರಿಕದ ಫ್ಲಾರಿಡಾ ಕರಾವಳಿಗೆ ಅಪ್ಪಳಿಸಿತು. ಅಲ್ಲಿಗೇ ನಿಲ್ಲದೆ ಒಳನಾಡಿಗೆ ನುಗ್ಗಿ, ಕಡಲಿನಿಂದ ಬಹುದೂರವಿರುವ ನಾರ್ತ್ ಕ್ಯಾರೊಲಿನಾದ ಬೆಟ್ಟಸೀಮೆಯನ್ನೂ ಮುಳುಗಿಸಿತು. ಮೊದಲೇ ನೆನೆದಿದ್ದ ನೆಲ, ಅದರ ಮೇಲೆ ಮತ್ತೆ ಮಳೆ. ಗುಡ್ಡಗಳು ಜರಿದವು, ಹೊಳೆಗಳು ಊರೊಳಗೆ ಹರಿದವು. ಆ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆಶ್‌ವಿಲ್ ನಗರದ ನಲ್ಲಿಗಳಲ್ಲಿ ಕುಡಿಯುವ ನೀರು ಮತ್ತೆ ಬರಲು ಒಂದೂವರೆ ತಿಂಗಳು ದಾಟಿತು.

ಪಿಟೀಲು, ಬ್ಯಾಂಜೊಗಳ ಹಾಡುಗಾರಿಕೆ ತಲೆಮಾರುಗಳಿಂದ ಬೆಳೆದುಬಂದ ಬೆಟ್ಟಗಳಿವು. ಕಂಟ್ರಿ ಸಂಗೀತದ ಬೇರುಗಳಲ್ಲಿ ಒಂದು ಇಲ್ಲಿದೆ. ಈ ಬೆಟ್ಟಗಳ ತಪ್ಪಲಿನ ಗ್ರಾನಿಟ್ ಫಾಲ್ಸ್ ಎಂಬ ಸಣ್ಣ ಊರಿನವನು ಗಾಯಕ ಎರಿಕ್ ಚರ್ಚ್. ಅಕ್ಟೋಬರ್ 4ರಂದು, ನೆರೆ ಬಂದು ವಾರ ಕಳೆಯುವಷ್ಟರಲ್ಲಿ, ಅವನು 'ಡಾರ್ಕೆಸ್ಟ್ ಅವರ್' ಎಂಬ ಹಾಡನ್ನು ತನ್ನ ಜನರಿಗೆ ಅರ್ಪಿಸಿದ.

ಅದು ನೆರೆಗಾಗಿ ಬರೆದ ಹಾಡಲ್ಲ. ಮೊದಲೇ ಸಿದ್ಧವಾಗಿ, ಬಿಡುಗಡೆಗೆ ಕಾದಿತ್ತು. ಅದರ ಬಲವೂ ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ದುರಂತದ ಬೆನ್ನಲ್ಲೇ ಬರೆದ ಹಾಡುಗಳು ಎಷ್ಟೋ ಸಲ ಸುದ್ದಿಯಂತೆ ಹಾನಿಯ ಲೆಕ್ಕ ಒಪ್ಪಿಸುತ್ತವೆ, ಇಲ್ಲವೇ ಎಲ್ಲ ಸರಿಹೋಗುತ್ತದೆಂದು ಉಪದೇಶಕ್ಕೆ ಇಳಿಯುತ್ತವೆ. ಮನೆ ಕಳೆದುಕೊಂಡವರಿಗೆ ಎರಡೂ ಬೇಡ. ಈ ಹಾಡಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾತು ಕೊಡುತ್ತಾನೆ, ಅಷ್ಟೇ. ನಿನ್ನ ಕೆಟ್ಟ ಗಳಿಗೆಯಲ್ಲಿ ನಾನು ಬರುತ್ತೇನೆ ಎಂಬ ಮಾತು.

ಇನ್ನು ಆ ದನಿ! ಗಿಟಾರಿನ ಅಬ್ಬರದ ನಡುವೆ ಒರಟಾಗಿ, ಗತ್ತಿನಿಂದ ಹಾಡುವವನೆಂದೇ ಚರ್ಚ್ ಹೆಸರಾದವನು. ಇಲ್ಲಿ ಆ ಗತ್ತನ್ನು ಕಳಚಿಟ್ಟು ಫಾಲ್ಸೆಟ್ಟೊಗೆ, ಅಂದರೆ ತಾರಸ್ಥಾಯಿಯ ತೆಳುದನಿಗೆ ಏರುತ್ತಾನೆ. ಅದು ಎಲ್ಲಿ ಒಡೆದುಹೋಗುತ್ತದೋ ಎಂದು ಕೇಳುವವರಿಗೆ ಆತಂಕ. ಕೈಹಿಡಿದು ಎತ್ತುವವನೂ ನಡುಗುತ್ತಿದ್ದಾನೆ ಅನ್ನಿಸಿದಾಗಲೇ ಅವನ ಮಾತಿನ ಮೇಲೆ ನಂಬಿಕೆ ಬರುವುದು. ಗಟ್ಟಿ ದನಿಯಲ್ಲಿ ಹಾಡಿದ್ದರೆ ಇದೇ ಸಾಲುಗಳು ಬರಿಯ ಘೋಷಣೆಯಾಗುತ್ತಿದ್ದವು.

ಕೊಟ್ಟ ಮಾತನ್ನು ಅವನು ಹಾಡಿನಲ್ಲೇ ಬಿಡಲಿಲ್ಲ. ರಚನೆಕಾರನಾಗಿ ಈ ಹಾಡಿನಿಂದ ತನಗೆ ಬರಬೇಕಾದ ರಾಯಲ್ಟಿಯನ್ನೆಲ್ಲ ನಾರ್ತ್ ಕ್ಯಾರೊಲಿನಾದ ಜನರ ಹೆಸರಿಗೆ ಬರೆದುಕೊಟ್ಟ. ಅದೇ ಅಕ್ಟೋಬರ್ 26ರಂದು ಶಾರ್ಲೆಟ್ ನಗರದ ಕ್ರೀಡಾಂಗಣದಲ್ಲಿ ಲ್ಯೂಕ್ ಕೂಂಬ್ಸ್, ಜೇಮ್ಸ್ ಟೇಲರ್, ಬಿಲ್ಲಿ ಸ್ಟ್ರಿಂಗ್ಸ್ ಮೊದಲಾದವರ ಜೊತೆ ಹಾಡಿದ. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ ಆ ಕಛೇರಿಯಿಂದ 2 ಕೋಟಿ 40 ಲಕ್ಷ ಡಾಲರಿಗೂ ಮೀರಿ ನೆರವು ಕೂಡಿತು. ಮನೆ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟಿಕೊಡುವ ಕೆಲಸವನ್ನು ಅವನ ಸೇವಾಸಂಸ್ಥೆ ಅದೇ ಬೆಟ್ಟಸೀಮೆಯ ಏವರಿ ಕೌಂಟಿಯಲ್ಲಿ ಕೈಗೆತ್ತಿಕೊಂಡಿತು.