ಯಾರಿಗೂ ರುಚಿಸದ ನಾಲ್ಕು ಮಾತು

(ಪೀರನವಾಡಿಯಲ್ಲಿ ಕೂಡಿದ ಕಾರ್ಮಿಕರ ಮತ್ತು ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಮೇಲೆ ಮಾತಾಡಿದರೆ ಈ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಬೋನಸ್ಸಿನ ಮೇಲೆ ಮಾತಾಡಿದರೆ ಇನ್ನೂ ಜೋರಾಗಿ ಬೀಳುತ್ತದೆ. ಇಂದು ಆ ಎರಡನ್ನೂ ಬದಿಗಿಟ್ಟು, ಪಗಾರ ಮನೆಗೆ ಬಂದ ಮೇಲೆ ಏನಾಗುತ್ತದೆಂಬುದನ್ನು ಹೇಳಬೇಕೆಂದಿದ್ದೇನೆ. ತಿನ್ನುವದು, ಕುಡಿಯುವದು, ಅಗಿಯುವದು, ಓದುವದು. "ಇವು ಮನೆಯೊಳಗಿನ ಮಾತು, ಪಕ್ಷಕ್ಕೇನು ಸಂಬಂಧ?" ಎಂದು ನಮ್ಮ ಸಂಗಾತಿಗಳಲ್ಲಿಯೇ ಕೆಲವರು ಕೇಳಿದರು. ಬಡವನಿಗೆ ಮಿತವ್ಯಯ ಕಲಿಸುವ ಸಾಹುಕಾರರು ಎಲ್ಲ ಕಾಲದಲ್ಲಿಯೂ ಇದ್ದರು, ಈಗಲೂ ಇದ್ದಾರೆ. ಆ ಹಾಡನ್ನು ಹಾಡಲು ನಾನು ಬಂದಿಲ್ಲ. ದಿನವಿಡೀ ಮೈಮುರಿದು ದುಡಿದವನ ನಾಲಿಗೆಗೆ ಒಂದಿಷ್ಟು ಸುಖ ಬೇಡವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ನಾವು ನಮ್ಮವೆಂದು ತಿಳಿದುಕೊಂಡ ಚಟಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಮ್ಮವಲ್ಲ. ಯಾರೋ ಲಾಭಕ್ಕಾಗಿ ನಮಗೆ ಕಲಿಸಿದವು. ಇದನ್ನು ತಿಳಿಯುವದು ಪಕ್ಷದ ಕೆಲಸವೇ ಎಂದು ನನ್ನ ಮತ.

ಮೊದಲು ಚಹಾ. ಇದರಿಂದ ಆರಂಭಿಸಿದರೆ ಅರ್ಧ ಜನ ಎದ್ದು ಹೋಗುತ್ತಾರೆಂದು ನನಗೆ ಗೊತ್ತು. ಉದ್ಯಮಬಾಗದ ಫೌಂಡ್ರಿಯಲ್ಲಿ ಭಟ್ಟಿಯ ಮುಂದೆ ನಿಂತವನು ಮುಂಜಾನೆ ಹೊಟ್ಟೆಗೆ ಏನೂ ಇಲ್ಲದೆ ಬರುತ್ತಾನೆ. ಒಂದು ಚಹಾ, ಎರಡು ಪಾವು. ಹತ್ತು ಗಂಟೆಗೆ ಇನ್ನೊಂದು. ಸಂಜೆಯ ತನಕ ಐದಾರು ಆಗುತ್ತವೆ. ಒಂದಕ್ಕೆ ಒಂದೂವರೆ ಚಮಚ ಎಂದು ಹಿಡಿದರೂ ಆರು ಚಹಾಕ್ಕೆ ಒಂಬತ್ತು ಚಮಚ ಸಕ್ಕರೆ. ಹಸಿವು ಸಾಯುತ್ತದೆ, ಹೊಟ್ಟೆ ತುಂಬುವದಿಲ್ಲ. ಈ ಚಹಾ ನಮ್ಮ ಅಜ್ಜನ ಅಜ್ಜ ಕುಡಿದದ್ದಲ್ಲ. ಅಸ್ಸಾಮಿನ ತೋಟಗಳ ಬಿಳಿಯ ಮಾಲಕರು ತಮ್ಮ ಮಾಲು ವಿಲಾಯತಿಗೆ ಕಳಿಸಿ ಮಿಕ್ಕಾಗ ಇಲ್ಲಿ ಗಿರಾಕಿ ಹುಡುಕಿದರು. 1903ರಲ್ಲಿ ಚಹಾದ ಮೇಲೆ ಸೆಸ್ ಹಾಕುವ ಕಾಯದೆಯಾಯಿತು. ಆ ಹಣದಿಂದ ಪ್ರಚಾರ ನಡೆಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಹತ್ತಿ ಗಿರಣಿ, ಕಲ್ಲಿದ್ದಲ ಗಣಿ, ಕಾರಖಾನೆಗಳ ಒಳಗೇ ಚಹಾದ ಅಂಗಡಿ ಹಾಕಿಸಿದರು. ಮಾಲಕರಿಗೂ ಅದು ಸೇರಿತು, ಯಾಕೆಂದರೆ ಊಟದ ಸುಟ್ಟಿಗಿಂತ ಚಹಾದ ಸುಟ್ಟಿ ಚಿಕ್ಕದು. ಚಹಾ ಬಿಡಿರೆಂದು ನಾನು ಹೇಳುವದಿಲ್ಲ; ನನಗೂ ಅದಿಲ್ಲದೆ ಸಭೆ ನಡೆಸಲು ಬರುವದಿಲ್ಲ. ಊಟದ ಬದಲು ಕುಡಿಯಬೇಡಿರಿ, ಊಟದ ಜೊತೆಗೂ ಕುಡಿಯಬೇಡಿರಿ. ಅನ್ನ-ಪಲ್ಲೆಯೊಳಗಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 48ರ ಹತ್ತಿರ ಜನರಿಗೆ ರಕ್ತಹೀನತೆ ಇದೆಯೆಂದು ಬಂದಿದೆ. ಮನೆಮಂದಿಗೆಲ್ಲ ಬಡಿಸಿ, ಕೊನೆಗೆ ಒಂದು ಚಹಾ, ಅರ್ಧ ರೊಟ್ಟಿಯಲ್ಲಿ ಮುಗಿಸುವ ತಾಯಂದಿರು ಇದನ್ನು ಕೇಳಬೇಕು. ಅವರಿಗಿಂತ ಮೊದಲು, ತಾಟಿನ ಮುಂದೆ ಮೊದಲು ಕೂಡ್ರುವ ಗಂಡಸರು ಕೇಳಬೇಕು.

ಎರಡನೆಯದು ಅಕ್ಕಿ. ಖಾನಾಪುರದ ಕಡೆಯವರು ಅನ್ನ ಉಂಡು ಬೆಳೆದವರು, ಅವರ ಮಾತು ಬೇರೆ. ಆದರೆ ಬೈಲಹೊಂಗಲ, ಸವದತ್ತಿ ಕಡೆಯಿಂದ ಕೆಲಸಕ್ಕೆ ಬಂದ ಮನೆಗಳಲ್ಲಿಯೂ ಜೋಳದ ರೊಟ್ಟಿ ಬಡವರದು, ಬಿಳಿ ಅನ್ನ ಸುಧಾರಿಸಿದವರದು ಎಂಬ ಭಾವನೆ ಕೂತಿದೆ. ಅಲ್ಲಿಯ ನಾಚಣಿ ಅಂಬಲಿಗೂ ಇದೇ ಗತಿ. ಗಿರಣಿಯಲ್ಲಿ ಪಾಲಿಶ್ ಮಾಡಿ ಅಕ್ಕಿಯ ತೌಡು ತೆಗೆದರೆ ಅದರೊಳಗಿನ ಸತ್ವವೂ ಹೋಗುತ್ತದೆ. ಪಾಲಿಶ್ ಅಕ್ಕಿಯನ್ನಷ್ಟೇ ತಿಂದವರಿಗೆ ಬೆರಿಬೆರಿ ಎಂಬ ರೋಗ ಬರುವದನ್ನು ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಕೋಳಿಗಳಿಂದ ಕಂಡುಕೊಂಡ. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ನಮ್ಮಲ್ಲಿ ಆಗುವದೇನು? ತೌಡು ಎಮ್ಮೆಗೆ, ಬಿಳಿಯದು ನಮಗೆ. ಯಾರ ಮೈ ಗಟ್ಟಿ ಇದೆಯೆಂದು ಎಮ್ಮೆಯ ಪಕ್ಕ ನಿಂತು ನೋಡಿಕೊಳ್ಳಿರಿ.

ಅನ್ನಭಾಗ್ಯವನ್ನು ನಾನು ಹಳಿಯುತ್ತೇನೆಂದು ಯಾರೂ ತಿಳಿಯಬಾರದು. 2013ರ ಜುಲೈದಲ್ಲಿ ಕಿಲೋ ಒಂದು ರೂಪಾಯಿಯಂತೆ ಅಕ್ಕಿ ಬಂದಾಗ ಎಷ್ಟೋ ಒಲೆಗಳು ಎರಡು ಹೊತ್ತು ಉರಿದವು. "ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು" ಎಂದು ಹೇಳುವವರು ತಮ್ಮ ಮನೆಯಲ್ಲಿ ಒಂದು ಹೊತ್ತು ಒಲೆ ಆರಿಸಿ ನೋಡಲಿ. ನನ್ನ ತಕರಾರು ಬೇರೆ. ಜೋಳ ತಿನ್ನುವ ನಾಡಿಗೆ ಜೋಳ, ರಾಗಿ ತಿನ್ನುವ ನಾಡಿಗೆ ರಾಗಿ ತಪ್ಪದೆ ಕೊಡಬೇಕು. ಒಣಬೇಸಾಯದ ರೈತನಿಗೂ ಅದರಿಂದ ಬೆಲೆ ಸಿಗುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷವೆಂದು ಸಾರಿತು. ಅದರ ಫಲವೇನು? ನಮ್ಮವ್ವ ಬಡತನಕ್ಕೆಂದು ಕುದಿಸುತ್ತಿದ್ದ ನವಣೆ ಇಂದು ಚಂದದ ಡಬ್ಬಿಯಲ್ಲಿ ದೊಡ್ಡ ಅಂಗಡಿ ಸೇರಿದೆ. ನಾವು ನಾಚಿಕೆಪಟ್ಟು ಬಿಟ್ಟದ್ದನ್ನು ಅವರು ಹೆಮ್ಮೆಯಿಂದ ಕೊಳ್ಳುತ್ತಾರೆ.

ಇನ್ನು ತತ್ತಿಯ ಮಾತು. ಇದು ಎಲ್ಲಕ್ಕಿಂತ ಬಿಸಿಯಾದದ್ದು. ನಾನು ಎಂಟು ವರುಷ ಸಾಲೆಯಲ್ಲಿ ಕಲಿಸಿದವ. ಹನ್ನೊಂದು ಗಂಟೆಗೆ ಹುಡುಗನ ಕಣ್ಣು ಹಲಗೆಯ ಮೇಲಿರುವದಿಲ್ಲ, ಅಡಿಗೆ ಕೋಣೆಯ ಹೊಗೆಯ ಮೇಲಿರುತ್ತದೆ. ಮಗ್ಗಿ ತಲೆಗೆ ಹೋಗುವದು ಊಟವಾದ ಮೇಲೆಯೇ. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರುಷದೊಳಗಿನ ಕೂಸುಗಳಲ್ಲಿ ನೂರಕ್ಕೆ 35 ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು ಲೆಕ್ಕ ಬಂದಿದೆ. 2021ರ ಡಿಸೆಂಬರಿನಲ್ಲಿ ಸರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಸಾಲೆಯ ಊಟದೊಡನೆ ತತ್ತಿ ಕೊಡತೊಡಗಿತು, ತಿನ್ನದವರಿಗೆ ಬಾಳೆಹಣ್ಣು. ಕೂಡಲೆ ಕೆಲವು ಮಠಗಳ ಸ್ವಾಮಿಗಳು ಬೇಡವೆಂದು ಹೇಳಿಕೆ ಕೊಟ್ಟರು. ಗಂಗಾವತಿಯ ಒಬ್ಬ ಸಾಲೆಯ ಹುಡುಗಿ, ನಮಗೆ ತತ್ತಿ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆಂದು ಎದುರು ನಿಂತು ಹೇಳಿದಳು. ನಾಡೆಲ್ಲ ಅದನ್ನು ಕೇಳಿತು. ಆ ಕೂಸಿನ ಹತ್ತರಲ್ಲಿ ಒಂದು ಪಾಲು ಧೈರ್ಯ ನಮ್ಮ ಪುಢಾರಿಗಳಿಗೆ ಇದ್ದರೆ ಈ ಸಭೆಯೇ ಬೇಡವಾಗಿತ್ತು.

ಈ ಸಭೆಯಲ್ಲಿ ಲಿಂಗಾಯತರಿದ್ದೀರಿ, ಜೈನರಿದ್ದೀರಿ, ಮರಾಠರಿದ್ದೀರಿ, ಮುಸಲ್ಮಾನರಿದ್ದೀರಿ. ತಿನ್ನದವನ ತಾಟಿಗೆ ತತ್ತಿ ಹಾಕಬಾರದು, ಅದು ಅನ್ಯಾಯ. ತಿನ್ನುವವನ ತಾಟಿನಿಂದ ತೆಗೆಯುವದೂ ಅಷ್ಟೇ ಅನ್ಯಾಯ. ಪಂಕ್ತಿಭೇದವಾಗುತ್ತದೆ ಎಂಬ ಮಾತನ್ನು ಎತ್ತುತ್ತಾರೆ. ಒಂದೇ ಸಾಲಿನಲ್ಲಿ ಒಬ್ಬ ತತ್ತಿ, ಒಬ್ಬ ಬಾಳೆಹಣ್ಣು ತಿಂದು ಮೇಲೆದ್ದು ಕೂಡಿ ಆಡುವದನ್ನು ಕಲಿತರೆ ಭೇದ ಕಡಿಮೆಯಾದೀತೇ ಹೊರತು ಹೆಚ್ಚಾಗದು. ಇನ್ನೊಂದು ಸೇರದ ಮಾತೂ ಇದೆ. 2024ರಲ್ಲಿ ಅಜೀಂ ಪ್ರೇಮಜಿ ಪ್ರತಿಷ್ಠಾನದ ಹಣದ ನೆರವಿನಿಂದ ವಾರಕ್ಕೆ ಆರು ದಿನ ತತ್ತಿ ಕೊಡುವ ಒಪ್ಪಂದವಾಯಿತು. ಒಳ್ಳೆಯದಾಯಿತು, ಕೂಸುಗಳು ತಿನ್ನಲಿ. ಆದರೆ ಮಕ್ಕಳ ತತ್ತಿ ಸರಕಾರದ ಖಜಾನೆಯಿಂದಲೇ ಪೂರ್ತಿಯಾಗಿ ಬರಬೇಕಾದದ್ದು. ದಾನಿ ಎಷ್ಟೇ ದೊಡ್ಡ ಮನಸ್ಸಿನವನಾಗಿರಲಿ, ದಾನಕ್ಕೆ ಅವಧಿ ಇರುತ್ತದೆ. ಹಸಿವಿಗೆ ಇಲ್ಲ.

ಗುಟ್ಕಾದ ಬಗ್ಗೆ ಹೆಚ್ಚು ಹೇಳುವದಿಲ್ಲ. 2013ರ ಮೇ 31ಕ್ಕೆ ಕರ್ನಾಟಕದಲ್ಲಿ ಅದು ಬಂದಾಯಿತು. ಅಂದಿನಿಂದ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ. ಕೂಡಿಸುವ ಕೆಲಸ ಗಿರಾಕಿಯ ಅಂಗೈಗೆ ಬಂತು. ಕಾಯದೆ ಉಳಿಯಿತು, ಕ್ಯಾನ್ಸರೂ ಉಳಿಯಿತು. ಪಾನ್ ಅಂಗಡಿಯ ಮಿತ್ರರು ಮುಖ ಸಿಂಡರಿಸಬೇಡಿರಿ. ಒಂದು ಚೀಟಿಗೆ ನಿಮ್ಮ ಕೈಗೆ ಹತ್ತುವದು ಪೈಸೆಗಳ ಲೆಕ್ಕ. ಕೋಟಿಗಳ ಲೆಕ್ಕ ಮಾಡುವವನು ಈ ರಸ್ತೆಯಲ್ಲಿ ಎಂದೂ ಕಾಣಿಸಿಕೊಂಡವನಲ್ಲ.

ತಂಬಾಕಿನಿಂದಲೇ ಓದಿನ ಮಾತಿಗೆ ಬರುತ್ತೇನೆ. ವಿಚಿತ್ರವೆನಿಸಬಹುದು, ಆದರೆ ದುಡಿಯುವವರ ಓದಿನ ಚರಿತ್ರೆಯಲ್ಲಿ ತಂಬಾಕಿನ ಕೆಲಸಗಾರರಿಗೆ ದೊಡ್ಡ ಹೆಸರಿದೆ. ಕ್ಯೂಬಾ ದೇಶದಲ್ಲಿ 1865ರಷ್ಟು ಹಿಂದೆಯೇ ಚುಟ್ಟಾ ಸುತ್ತುವ ಕಾರ್ಮಿಕರು ತಮ್ಮ ಕೂಲಿಯಲ್ಲಿ ವಂತಿಗೆ ಹಾಕಿ ಓದುಗನೊಬ್ಬನನ್ನು ಇಟ್ಟುಕೊಂಡರು. ಅವರು ಸುತ್ತುತ್ತಿರುವಾಗ ಅವನು ಎತ್ತರದ ಪೀಠದ ಮೇಲೆ ಕುಳಿತು ವರ್ತಮಾನಪತ್ರ, ಕಾದಂಬರಿಗಳನ್ನು ಗಟ್ಟಿಯಾಗಿ ಓದಬೇಕು. ಮಾಲಕರಿಗೆ, ಸರಕಾರಕ್ಕೆ ಇದು ಸೇರಲಿಲ್ಲ. ಮರು ವರುಷವೇ ನಿಷೇಧವಾಯಿತು. ಆದರೂ ಆ ಪದ್ಧತಿ ಸಾಯಲಿಲ್ಲ. ಅಷ್ಟು ದೂರ ಯಾಕೆ? ಕೇರಳದ ಕಣ್ಣೂರಿನಲ್ಲಿ ಬೀಡಿ ಕಾರ್ಮಿಕರು ಹೀಗೆಯೇ ಮಾಡಿದರು. ಒಬ್ಬ ಪೇಪರು ಓದುವನು, ಉಳಿದವರು ಅವನ ಪಾಲಿನ ಬೀಡಿ ಕಟ್ಟಿಕೊಡುವರು. 1966ರ ಬೀಡಿ ಕಾರ್ಮಿಕರ ಕಾಯದೆ ಜಾರಿಗೆ ಬರುವಾಗ ಖಾಸಗಿ ಮಾಲಕರು ಬಾಗಿಲು ಹಾಕಿದರು. ಸಾವಿರಾರು ಜನ ಬೀದಿಗೆ ಬಿದ್ದರು. 1969ರಲ್ಲಿ ಅದೇ ಜನ ಸರಕಾರದ ನೆರವಿನಿಂದ ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ಕಟ್ಟಿದರು. ಕೇಳಿ ಕೇಳಿ ತಿಳಿದವರಾದುದರಿಂದಲೇ ಅವರಿಗೆ ಅದು ಸಾಧ್ಯವಾಯಿತೆಂದು ನಾನು ನಂಬುತ್ತೇನೆ. ನಮ್ಮ ಜಿಲ್ಲೆಯ ನಿಪ್ಪಾಣಿಯೂ ಬೀಡಿಯ ಊರೇ. ಅಲ್ಲಿಯ ಹೆಣ್ಣುಮಕ್ಕಳ ಬೆರಳೂ ಅಷ್ಟೇ ಚುರುಕು.

ಈಗ ಓದಿದವರಿಗೆ ಸೇರದ ಮಾತು. ಕಾರ್ಮಿಕ ಪತ್ತೇದಾರಿ ಕಾದಂಬರಿ ಓದಿದರೆ ನಮ್ಮ ಬುದ್ಧಿವಂತರು ಮೂಗು ಮುರಿಯುತ್ತಾರೆ. ಹೆಚ್ಚು ಸಾಲೆ ಕಲಿಯದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು ಎಷ್ಟು ಜನರಿಗೆ ಕನ್ನಡ ಓದುವ ಚಟ ಹಚ್ಚಿದರು, ಮೂಗು ಮುರಿಯುವವರು ಎಷ್ಟು ಜನರಿಗೆ ಹಚ್ಚಿದರು ಎಂದು ತೂಗಿ ನೋಡೋಣ. ಅವರಿಗೂ ಹಿಂದೆ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಈ ಅಂಗಡಿಕಾರರೊಳಗೆ ಯಾರಾದರೂ ಅಷ್ಟು ಕಷ್ಟದ ವ್ಯಾಪಾರ ಮಾಡಿದ್ದೀರಾ? ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳಲ್ಲಿ ದುಡಿಯುವವರ ಬಾಳೇ ಇದೆ. ನಮ್ಮ ಜಿಲ್ಲೆಯವರಾದರೂ ಅವರ ಹೆಸರು ಇಲ್ಲಿ ಎಷ್ಟು ಜನರಿಗೆ ಗೊತ್ತು?

ಹೆಸರಿನ ಮಾತು ಬಂತು. 2020ರ ಆಗಸ್ಟಿನಲ್ಲಿ ಇದೇ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಮೂರ್ತಿಯ ಸಲುವಾಗಿ ಏನೇನಾಯಿತೆಂದು ನಿಮಗೆ ಗೊತ್ತೇ ಇದೆ. ಕೊನೆಗೆ ಮೂರ್ತಿ ರಾಯಣ್ಣನದು, ವೃತ್ತದ ಹೆಸರು ಶಿವಾಜಿ ಮಹಾರಾಜರದು ಎಂದು ಒಪ್ಪಂದವಾಯಿತು. ಒಳ್ಳೆಯ ಒಪ್ಪಂದ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ನಂದಗಡದಲ್ಲಿ, ಇಲ್ಲಿಂದ ಬಸ್ಸಿನ ದಾರಿ. ಆದರೆ ಅವನ ಸಲುವಾಗಿ ಕೂಗಿದವರಲ್ಲಿ ಅವನ ಚರಿತ್ರೆಯ ಹತ್ತು ಪುಟ ಓದಿದವರೆಷ್ಟು? ಶಿವಾಜಿಯ ಸಲುವಾಗಿ ಕೂಗಿದವರಲ್ಲಿ ಗೋವಿಂದ ಪಾನಸರೆಯವರ 'ಶಿವಾಜಿ ಕೋಣ ಹೋತಾ' ಎಂಬ ಚಿಕ್ಕ ಪುಸ್ತಕ ಓದಿದವರೆಷ್ಟು? ಆ ಪಾನಸರೆಯವರಿಗೆ 2015ರ ಫೆಬ್ರುವರಿಯಲ್ಲಿ ಕೊಲ್ಲಾಪುರದಲ್ಲಿ ಗುಂಡು ಹೊಡೆದರು. ಅದೇ ವರುಷದ ಆಗಸ್ಟಿನಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರಿಗೆ ಹೊಡೆದರು. ಪುಸ್ತಕ ಬಡಪಾಯಿ ವಸ್ತುವಾಗಿದ್ದರೆ ಅದಕ್ಕಾಗಿ ಯಾರೂ ಪಿಸ್ತೂಲು ಹಿಡಿಯುತ್ತಿರಲಿಲ್ಲ. ನನ್ನ ಮತ ಹೇಳಿಬಿಡುತ್ತೇನೆ, ಎರಡೂ ಕಡೆಯವರು ಬಯ್ಯಿರಿ: ಈ ಊರಿನ ಕನ್ನಡಿಗ ಮರಾಠಿ ಓದಲು ಕಲಿಯಬೇಕು, ಮರಾಠಿಯವ ಕನ್ನಡ ಓದಲು ಕಲಿಯಬೇಕು. ಮಾತು ಇಬ್ಬರಿಗೂ ಬರುತ್ತದೆ, ಸಂತೆಯಲ್ಲಿ ಜಗಳಾಡುವಷ್ಟು.

"ಮಾಸ್ತರ, ಓದಲು ವೇಳೆ ಎಲ್ಲಿ?" ಎನ್ನುವಿರಿ. ಮೊಬಾಯಿಲಿಗೆ ಸಿಗುವ ವೇಳೆಯ ಮಾತನ್ನು ಬಿಡೋಣ. ಉಳಿದದ್ದು ನಿಜವಾದ ತಕರಾರು. 2023ರಲ್ಲಿ ನಮ್ಮ ವಿಧಾನಮಂಡಲ ಕಾರಖಾನೆ ಕಾಯದೆಗೆ ತಿದ್ದುಪಡಿ ಮಾಡಿ, ವಾರಕ್ಕೆ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನ ವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ತಾಸು ಇದ್ದ ಓವರ್‌ಟೈಮಿನ ಮಿತಿ ದುಪ್ಪಟ್ಟಿನ ಹತ್ತಿರ ಹೋಯಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂದು ಅದರಲ್ಲಿಯೇ ಬರೆದಿದೆ. ಲಿಖಿತ ಒಪ್ಪಿಗೆ! ಸೂಪರವೈಜರ ಮುಂದಿಟ್ಟ ಕಾಗದವನ್ನು ಓದದೆ ಸಹಿ ಹಾಕುವವನ ಒಪ್ಪಿಗೆಗೆ ಬೆಲೆ ಎಷ್ಟೆಂದು ಮಾಲಕನಿಗೆ ಚೆನ್ನಾಗಿ ಗೊತ್ತು.

ಆದುದರಿಂದ ಎರಡು ಸೂಚನೆ ಸಭೆಯ ಮುಂದಿಡುತ್ತೇನೆ. ಮೊದಲನೆಯದು ವಾಚನಾಲಯದ್ದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯದೆಯಂತೆ ಮನೆಪಟ್ಟಿಯ ಜೊತೆಗೆ ಗ್ರಂಥಾಲಯದ ಕರ ವಸೂಲಾಗುತ್ತದೆ, ನೂರು ರೂಪಾಯಿಗೆ ಆರು. ಮನೆಗೆ ಹೋಗಿ ಪಾವತಿ ತೆಗೆದು ನೋಡಿರಿ. ಆ ಹಣ ಗ್ರಂಥಾಲಯಕ್ಕೆ ಮುಟ್ಟಿತೇ, ಎಷ್ಟು ಬಾಕಿ ಇದೆ ಎಂದು ಮಾಹಿತಿ ಹಕ್ಕಿನ ಕಾಯದೆಯ ಕೆಳಗೆ ಅರ್ಜಿ ಹಾಕೋಣ. ಅರ್ಜಿಗೆ ಹತ್ತು ರೂಪಾಯಿ, ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕರಡು ನಾನು ಬರೆದು ತಂದಿದ್ದೇನೆ, ಸಹಿ ಹಾಕುವ ಮೊದಲು ಓದಿರಿ.

ಎರಡನೆಯದು, ರವಿವಾರ ಸಂಜೆ ಒಂದು ತಾಸು ಗಟ್ಟಿಯಾಗಿ ಓದುವದು. ಮೊದಲು ವರ್ತಮಾನಪತ್ರ, ಆಮೇಲೆ ಯಾರದಾದರೂ ಪಗಾರದ ಚೀಟಿ ಅಥವಾ ಪಿ.ಎಫ್. ಕಾಗದ, ಕೊನೆಗೆ ಕಾದಂಬರಿ. ಒಂದು ವಾರ ಕನ್ನಡ, ಒಂದು ವಾರ ಮರಾಠಿ. ಜಾಗ ಕೊಡಲು ಒಬ್ಬ ಕಿರಾಣಿ ಅಂಗಡಿಯವರು ಒಪ್ಪಿದ್ದಾರೆ. ಅಂಗಡಿ ಮುಚ್ಚಿದ ಮೇಲೆ ಮುಂದಿನ ಕಟ್ಟೆ, ಒಂದು ದೀಪ. ಪತ್ತೇದಾರಿ ಕಾದಂಬರಿ ಬೇಕೆಂದು ಬಹುಮತ ಬಂದರೆ ಅದನ್ನೇ ಓದೋಣ. ಓದುವವರ ಹೆಸರು ಈಗಲೇ ಬರೆದುಕೊಳ್ಳುತ್ತೇನೆ. ಹೆಣ್ಣುಮಕ್ಕಳ ಹೆಸರೂ ಬರಲಿ. ಈ ಊರಿನಲ್ಲಿ ಹತ್ತನೆಯ ಇಯತ್ತೆ ದಾಟಿ ಒಲೆಯ ಮುಂದೆ ಕುಳಿತ ಸೊಸೆಯಂದಿರು ಎಷ್ಟು ಜನರಿದ್ದಾರೆಂದು ನಾನು ಬಲ್ಲೆ. ಯಾರು ಮೊದಲು ಬರುತ್ತೀರಿ?